ರಾತ್ರಿ ಮನೆಯಲ್ಲಿ ಎಚ್ಚರ ಇರುವವರು ಯಾರು?

ಪಿಯು ಕಾಲೇಜಿನಿಂದ ಆಪ್ತಸಲಹೆಗೆ ನನ್ನ ಬಳಿ ಬರುವ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಲೆಕ್ಚರರ್ ಬರೆದುಕೊಟ್ಟ ಒಂದು ಚೀಟಿ ಇರುತ್ತದೆ. ‘ಏಕಾಗ್ರತೆ ಇಲ್ಲ.’ ‘ಕ್ಲಾಸಿನಲ್ಲಿ ತೂಕಡಿಸುತ್ತಾಳೆ.’ ‘ಮೊಬೈಲ್ ಚಟ ಇರಬಹುದು, ದಯವಿಟ್ಟು ವಿಚಾರಿಸಿ.’ ಬರೆದವರ ಮೇಲೆ ನನಗೆ ಆಕ್ಷೇಪವಿಲ್ಲ. ತುಂಬಿದ ತರಗತಿಯಲ್ಲಿ ಒಬ್ಬಳು ತೂಕಡಿಸುವುದನ್ನು ಕಂಡು, ಬೈದು ಬಿಟ್ಟುಬಿಡದೆ, ಚೀಟಿ ಬರೆದು ಕಳಿಸುವವರು ಒಳ್ಳೆಯ ಮೇಷ್ಟ್ರೇ. ಆದರೆ ಆ ಚೀಟಿಗಳಲ್ಲಿ ಒಂದು ವಿಷಯ ಮಾತ್ರ ಇರುವುದೇ ಇಲ್ಲ: ಈ ಮಗುವಿನ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ, ಇದ್ದರೆ ಅವರನ್ನು ನೋಡಿಕೊಳ್ಳುತ್ತಿರುವವರು ಯಾರು?

ಶಿವಮೊಗ್ಗದ ಸುತ್ತಮುತ್ತ, ಅದರಲ್ಲೂ ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳನ್ನು ಕಂಡವರಿಗೆ ಈ ಪ್ರಶ್ನೆ ಯಾಕೆ ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದು. ದುಡಿಯುವ ವಯಸ್ಸಿನ ಅಣ್ಣತಮ್ಮಂದಿರು ಬೆಂಗಳೂರು ಸೇರಿರುತ್ತಾರೆ. ಮನೆಯ ಹಿರಿಯರೊಬ್ಬರು ಹಾಸಿಗೆ ಹಿಡಿದರೆ, ಇಲ್ಲವೇ ಮರೆವಿನ ಕಾಯಿಲೆ ಶುರುವಾದರೆ, ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಯಾರ ಪಾಲು ಎಂದು ಯಾರೂ ಕೂತು ಮಾತಾಡಿರುವುದಿಲ್ಲ. ಮಾತಾಡದಿದ್ದರೂ ಅದು ಒಬ್ಬರ ಪಾಲಿಗೆ ಬಂದುಬಿಟ್ಟಿರುತ್ತದೆ, ಹೆಚ್ಚಿನ ಸಲ ಮನೆಯ ಹೆಣ್ಣುಮಗುವಿನ ಪಾಲಿಗೆ.

ಇಂಥ ಪ್ರಕರಣಗಳು ಬರುತ್ತಲೇ ಇವೆ. ಅವುಗಳಲ್ಲಿ ಒಂದನ್ನು ಆ ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಗುರುತು ಬದಲಿಸಿದ್ದೇನೆ. ನಾನು ಕೊಟ್ಟ ಸಲಹೆಯ ಬಗ್ಗೆ ಆಗಲೇ ಕೆಲವರು ತಕರಾರು ತೆಗೆದಿದ್ದರು. ಅವರಿಗೂ ಇಲ್ಲಿ ಉತ್ತರ ಇದೆ.

ಹುಡುಗಿಯನ್ನು ಪಲ್ಲವಿ ಎನ್ನೋಣ. ಹದಿನೇಳು ವರ್ಷ, ದ್ವಿತೀಯ ಪಿಯು ವಿಜ್ಞಾನ. ಎಸ್ಸೆಸ್ಸೆಲ್ಸಿಯಲ್ಲಿ ಊರಿನವರು ಕರೆದು ಶಾಲು ಹೊದಿಸುವಷ್ಟು ಅಂಕ. ಈಗ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ಫೇಲು. ಹಾಜರಿ ಶೇಕಡಾ 75ಕ್ಕಿಂತ ಕೆಳಗೆ ಇಳಿಯುವ ಅಂಚಿನಲ್ಲಿತ್ತು. ಮನೆ ಗಾಜನೂರು ದಾಟಿ, ತೀರ್ಥಹಳ್ಳಿ ರಸ್ತೆಯಿಂದ ಒಳಗೆ. ಅಪ್ಪ ಅಡಿಕೆ ಚೇಣಿ, ಅಂದರೆ ತೋಟದ ಫಸಲಿನ ಗುತ್ತಿಗೆ, ಹಿಡಿಯುವವರ ಹತ್ತಿರ ಕೆಲಸ ಮಾಡುತ್ತಾರೆ. ಕೊಯ್ಲಿನ ತಿಂಗಳುಗಳಲ್ಲಿ ಸುಲಿದ ಅಡಿಕೆ ಬೇಯಿಸಿ ಮುಗಿಸಿ ಮನೆಗೆ ಬರುವಾಗ ನಡುರಾತ್ರಿ. ಅಮ್ಮ ಶಿವಮೊಗ್ಗದ ಹೊರವಲಯದ ಒಂದು ಗಾರ್ಮೆಂಟ್ಸಿಗೆ ಹೋಗುತ್ತಾರೆ. ಕಂಪನಿ ಬಸ್ಸು ರಸ್ತೆಗೆ ಬರುವುದು ಬೆಳಕು ಹರಿಯುವ ಹೊತ್ತಿಗೆ, ಅಷ್ಟರೊಳಗೆ ಅಡುಗೆ ಮುಗಿಸಿ ನಡೆದು ಬಂದು ನಿಂತಿರಬೇಕು. ಮನೆಯಲ್ಲಿ ಅಪ್ಪನ ತಾಯಿ, ಎಂಬತ್ತು ದಾಟಿದ ಅಜ್ಜಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇದೆ. ಅಜ್ಜಿಯ ವಿಷಯ ಚೀಟಿಯಲ್ಲಿರಲಿಲ್ಲ ಎನ್ನುವುದು ಹಾಗಿರಲಿ, ಮೊದಲ ದಿನ ಅಮ್ಮನೂ ಮಗಳೂ ಅದನ್ನು ಹೇಳಲೇ ಇಲ್ಲ. ಕೇಳಿದ ಮೇಲೆ, “ಹೌದು, ಅತ್ತೆಗೆ ಸ್ವಲ್ಪ ಮರೆವು” ಎಂದು ಅಮ್ಮ ಹೇಳಿದರು.

ಅಮ್ಮನ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಹೊಲಿಗೆ ಮಿಷನ್ನಿನ ಸೂಜಿ ಉಗುರಿನ ಪಕ್ಕದಲ್ಲಿ ಹೊಕ್ಕು ಕೆಳಗೆ ಬಂದಿತ್ತಂತೆ. “ಕಣ್ಣು ಎಳೆದುಬಿಡ್ತು ಮೇಡಂ, ಎರಡನೇ ಸಲ” ಎಂದರು. ಗಂಟೆಗೆ ಇಂತಿಷ್ಟು ಪೀಸು ಎಂಬ ಟಾರ್ಗೆಟ್, ತಲೆ ಎತ್ತಿದರೆ ಸೂಪರ್‌ವೈಸರ್. ಕೆಲಸದ ಒತ್ತಡ ಎಷ್ಟಿದೆ ಎನ್ನುವುದಷ್ಟೇ ಮನುಷ್ಯನನ್ನು ಬಳಲಿಸುವುದಿಲ್ಲ. ಒತ್ತಡ ಹೆಚ್ಚು ಇದ್ದು, ಆ ಕೆಲಸವನ್ನು ಯಾವಾಗ, ಹೇಗೆ ಮಾಡಬೇಕು ಎನ್ನುವುದರ ಮೇಲೆ ತನ್ನ ಹಿಡಿತ ಕಡಿಮೆ ಇದ್ದಾಗ ಬಳಲಿಕೆ ಹೆಚ್ಚುತ್ತದೆ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿಕೊಟ್ಟಿದ್ದಾರೆ. ಹೊಲಿಗೆ ಲೈನಿನಲ್ಲಿ ಕೂತವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಮ್ಮನ ಬೆರಳಿಗೆ ಮೊದಲ ಸಲ ಸೂಜಿ ಹೊಕ್ಕಿದ್ದು ಜುಲೈ ತಿಂಗಳಲ್ಲಿ. ಪಲ್ಲವಿಯ ಅಂಕ ಇಳಿಯಲು ಶುರುವಾದದ್ದು ಆಗಸ್ಟಿನ ಕಿರುಪರೀಕ್ಷೆಯಿಂದ.

ಎರಡನೇ ಭೇಟಿಯಲ್ಲಿ ಅವಳೊಬ್ಬಳೇ ಕೂತಿದ್ದಳು. ಓದುವ ಸಮಯ, ಟ್ಯೂಷನ್, ಗೆಳತಿಯರು, ಹೀಗೆ ಮಾತು ಸಾಗಿತ್ತು. ಪಕ್ಕದ ಕೋಣೆಯ ಬಾಗಿಲನ್ನು ಯಾರೋ ತೆಗೆದರು. ಆಡುತ್ತಿದ್ದ ವಾಕ್ಯವನ್ನು ಅವಳು ಅರ್ಧಕ್ಕೆ ಬಿಟ್ಟಳು. ಮುಖ ನನ್ನ ಕಡೆಗೇ ಇತ್ತು, ಕಣ್ಣು ಮಾತ್ರ ನಿಂತುಹೋಗಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲ ಸದ್ದು, ಮತ್ತೆ ಅದೇ. ಎಂತದು ಮಗಾ, ಏನು ಕೇಳಿಸ್ತು ಎಂದೆ.

“ಚಿಲಕ.”

ಆಮೇಲೆ ತಾನಾಗಿಯೇ ಹೇಳಿದಳು. “ಮನೇಲೂ ಹಿಂಗೇ ಮೇಡಂ. ಪುಸ್ತಕ ಹಿಡ್ಕೊಂಡೇ ಇರ್ತೀನಿ. ಎಲ್ಲರೂ ಓದ್ತಿದಾಳೆ ಅಂದ್ಕೊಳ್ತಾರೆ. ನಾನು ಓದ್ತಿರಲ್ಲ, ಕೇಳಿಸ್ಕೊಳ್ತಾ ಇರ್ತೀನಿ.”

ಅಜ್ಜಿ ರಾತ್ರಿ ಒಂದು ಗಂಟೆಯ ಆಸುಪಾಸಿಗೆ ಏಳುತ್ತಾರೆ. ಗೌರಿಗೆ ಹುಲ್ಲು ಹಾಕಿಲ್ಲ, ಕರು ಬಿಟ್ಟಿಲ್ಲ ಎಂದು ಹಿಂಬಾಗಿಲಿಗೆ ಹೋಗುತ್ತಾರೆ. ಗೌರಿ ಎಂಬ ಹಸುವನ್ನು ಮಾರಿ ಎಷ್ಟೋ ವರ್ಷವಾಗಿದೆ, ಕೊಟ್ಟಿಗೆಯಲ್ಲಿ ಈಗ ಸೌದೆ ಒಟ್ಟಿದ್ದಾರೆ. ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ ಬಾವಿ. ಜುಲೈನ ಒಂದು ರಾತ್ರಿ, ಮಳೆ ಸುರಿಯುತ್ತಿರುವಾಗ, ಅಜ್ಜಿ ಬಾವಿಕಟ್ಟೆ ಹಿಡಿದು ನಿಂತಿದ್ದರು. ಕಂಡು ಕರೆತಂದವಳು ಪಲ್ಲವಿ. ಅಲ್ಲಿಯವರೆಗೆ ಅಜ್ಜಿಯ ಪಕ್ಕ ಮಲಗುತ್ತಿದ್ದವರು ಅಮ್ಮ. ಬೆರಳಿಗೆ ಸೂಜಿ ಹೊಕ್ಕಿದ್ದೂ ಅದೇ ವಾರ. “ಅಮ್ಮ ನಿದ್ದೆಗೆಟ್ರೆ ಮಿಷನ್ ಮೇಲೆ ಕೈ ಹೋಗ್ತದೆ. ಅಪ್ಪಂಗೆ ಸುಸ್ತು. ನಾನು ಎಂತ ಮಾಡ್ತೀನಿ, ಓದೋದೊಂದೇ ಅಲ್ವಾ, ಅದಕ್ಕೆ ನಾನೇ ನಡುಮನೇಲಿ ಮಲ್ಕೊಂಡೆ.” ಯಾರೂ ಹೇಳಿರಲಿಲ್ಲ. ಯಾರೂ ಬೇಡ ಎಂದೂ ಇರಲಿಲ್ಲ.

ಬೀಗ ಹಾಕಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಹಾಕಿ ನೋಡಿದ್ದರು. ಬಚ್ಚಲು, ಕಕ್ಕಸು ಎರಡೂ ಹೊರಗೆ. ಬೀಗ ಕಂಡರೆ ಅಜ್ಜಿ ಬಾಗಿಲು ಬಡಿದು ಅಳುತ್ತಿದ್ದರು. ಸೌದೆ ಒಲೆ ಇರುವ ಮನೆಯಲ್ಲಿ ವಯಸ್ಸಾದವರನ್ನು ಕೂಡಿಹಾಕಿ ಬೀಗ ಜಡಿಯುವುದಕ್ಕೆ ನನ್ನ ಒಪ್ಪಿಗೆಯೂ ಇಲ್ಲ. ಬೀಗ ತೆಗೆದ ಮೇಲೆ ಉಳಿದದ್ದು ಕಿವಿಯೊಂದೇ. “ಅಜ್ಜಿ ಚಿಲಕ ತೆಗೆಯೋದು ಸದ್ದೇ ಆಗಲ್ಲ ಮೇಡಂ, ಎಷ್ಟು ವರ್ಷದ ಕೈ ಅದು” ಎಂದಳು ಪಲ್ಲವಿ. ಆ ಸದ್ದಿಲ್ಲದ ಸದ್ದಿಗಾಗಿ ಈ ಮಗು ಐದು ತಿಂಗಳಿಂದ ರಾತ್ರಿಯಿಡೀ ಕಿವಿಗೊಟ್ಟು ಮಲಗಿದ್ದಳು. ಅಭ್ಯಾಸ ಹಗಲಿಗೂ ಹರಡಿತ್ತು. ಕ್ಲಾಸಿನಲ್ಲಿ ಕಿಟಕಿ ಅಲುಗಿದರೂ ಪಾಠ ತಪ್ಪಿಹೋಗುತ್ತಿತ್ತು.

ಕಾಯುವುದು ಒಂದು ಕೆಲಸ ಎಂದು ನಮ್ಮ ಮನೆಗಳಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಜ್ಜಿಗೆ ಸ್ನಾನ ಮಾಡಿಸಿದರೆ ಕೆಲಸ, ಬಟ್ಟೆ ಒಗೆದರೆ ಕೆಲಸ, ಪಕ್ಕದಲ್ಲಿ ಸುಮ್ಮನೆ ಮಲಗಿದ್ದರೆ ಅದೇನು ಕೆಲಸ? ಮನಶ್ಶಾಸ್ತ್ರದಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರ ಇದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಿಮಾನಗಳಲ್ಲಿ ರಾಡಾರ್ ಪರದೆ ನೋಡುತ್ತಾ ಜಲಾಂತರ್ಗಾಮಿಗಳಿಗಾಗಿ ಕಾಯುವವರು ಸ್ವಲ್ಪ ಹೊತ್ತಿನ ನಂತರ ಗುರುತುಗಳನ್ನು ತಪ್ಪಿಸಿಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಪರೀಕ್ಷಿಸಲು ಒಂದು ಗಡಿಯಾರ ಮಾಡಿದರು. ಮುಳ್ಳು ಸೆಕೆಂಡಿಗೊಮ್ಮೆ ಜಿಗಿಯುತ್ತದೆ, ಅಪರೂಪಕ್ಕೊಮ್ಮೆ ಎರಡರಷ್ಟು ಜಿಗಿಯುತ್ತದೆ. ಆ ದೊಡ್ಡ ಜಿಗಿತವನ್ನು ಮಾತ್ರ ಗುರುತಿಸಬೇಕು, ಎರಡು ಗಂಟೆ. 1948ರಲ್ಲಿ ಅವರು ಪ್ರಕಟಿಸಿದ ಪ್ರಕಾರ ತರಬೇತಾದವರೂ ಮೊದಲ ಅರ್ಧ ಗಂಟೆಯ ನಂತರ ತಪ್ಪುತ್ತಾರೆ. ನಂತರ ಬಂದ ಅಧ್ಯಯನಗಳು ಇನ್ನೊಂದನ್ನು ಸೇರಿಸಿದವು: ಏನೂ ಆಗದೆ ಇರುವಾಗ ಏನೋ ಆಗಬಹುದೆಂದು ಕಾಯುವುದು ಬೇಸರದ ಕೆಲಸ ಮಾತ್ರವಲ್ಲ, ಮನಸ್ಸಿನ ಶಕ್ತಿಯನ್ನು ಬಹಳ ಬೇಡುವ, ಒತ್ತಡ ತರುವ ಕೆಲಸ. ಸೈನಿಕರೇ ಅರ್ಧ ಗಂಟೆಗೆ ಸೋತ ಕೆಲಸ ಹದಿನೇಳರ ಹುಡುಗಿಗೆ ಐದು ತಿಂಗಳು ಒಗ್ಗಬೇಕೆಂದರೆ ಹೇಗೆ?

ಅವಳು ಒಟ್ಟು ಎಷ್ಟು ಗಂಟೆ ಮಲಗುತ್ತಾಳೆ ಎಂದು ಲೆಕ್ಕ ಹಾಕಿದೆವು. ಗಂಟೆಗಳು ತೀರಾ ಕಡಿಮೆ ಇರಲಿಲ್ಲ. ಅಜ್ಜಿ ಏಳದ ರಾತ್ರಿಗಳೂ ಇದ್ದವು. ಆದರೂ ಬೆಳಿಗ್ಗೆ ತಲೆ ಭಾರ. ಸ್ವೀಡನ್ನಿನ ಟೋರ್ಸ್‌ವಾಲ್ ಮತ್ತು ಆಕರ್‌ಸ್ಟೆಟ್ ಹಡಗಿನ ಎಂಜಿನಿಯರುಗಳ ನಿದ್ದೆಯನ್ನು ಮೆದುಳಿನ ಅಲೆಗಳ ಮೂಲಕ ಅಳೆದು 1988ರಲ್ಲಿ ಬರೆದ ಒಂದು ವರದಿ ನನಗೆ ಇಂಥ ಮನೆಗಳಿಗೆ ಬಹಳ ಉಪಯೋಗಕ್ಕೆ ಬಂದಿದೆ. ಅಲಾರಂ ಹೊಡೆದರೆ ಎದ್ದು ಹೋಗಬೇಕಾದ ಪಾಳಿಯ ರಾತ್ರಿಗಳಲ್ಲಿ ಅವರ ಆಳವಾದ ನಿದ್ದೆ ಕಡಿಮೆಯಾಗಿತ್ತು, ಅಲಾರಂ ಹೊಡೆಯುವ ಮುಂಚೆಯೇ. ಕರೆ ಬರಬಹುದು ಎಂಬ ಅಳುಕೇ ನಿದ್ದೆಯನ್ನು ತೆಳುವಾಗಿಸಿತ್ತು. ಬಾಣಂತಿಯರನ್ನು ಕೇಳಿ, ಇದೇ ಮಾತು ಹೇಳುತ್ತಾರೆ. ಮಗು ಇಡೀ ರಾತ್ರಿ ಮಲಗಿದರೂ ತಾಯಿಗೆ ನಿದ್ದೆ ಬಂದಂತಾಗಿರುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಬಾಣಂತಿಯ ಜತೆ ಇನ್ನೊಬ್ಬ ಹೆಂಗಸನ್ನು ಮಲಗಿಸುತ್ತಿದ್ದರು. ಮರೆವಿನ ಅಜ್ಜಿಯ ಪಕ್ಕ ಮಲಗುವವರಿಗೆ ಅಂಥ ಏರ್ಪಾಡು ನಾವು ಮಾಡಿಕೊಂಡಿಲ್ಲ.

ಮುಂದಿನ ಭೇಟಿಗೆ ಅಪ್ಪ ಬರಲೇಬೇಕು ಎಂದು ಹೇಳಿ ಕಳಿಸಿದೆ. ಕೊಯ್ಲಿನ ಸಮಯ, ಆಗುವುದಿಲ್ಲ ಎಂದು ಉತ್ತರ ಬಂತು. ಭಾನುವಾರವಾದರೂ ಸರಿ, ಸಂಜೆಯಾದರೂ ಸರಿ, ಆದರೆ ಅವರಿಲ್ಲದೆ ಮಾತು ಮುಂದುವರಿಯುವುದಿಲ್ಲ ಎಂದೆ. ಈ ವಿಷಯದಲ್ಲಿ ನಾನು ಬಿಗಿ. ನೋಡಿಕೊಳ್ಳುವವರ ಆಪ್ತಸಲಹೆ ಎಂದರೆ ಹೆಂಗಸರನ್ನು ಕೂರಿಸಿಕೊಂಡು ಇನ್ನಷ್ಟು ತಾಳ್ಮೆ ಕಲಿಸುವುದು ಎಂದಾಗಿಬಿಟ್ಟಿದೆ. ಮಗ ಬದುಕಿರುವ ತಾಯಿಯ ರಾತ್ರಿಯನ್ನು ಮೊಮ್ಮಗಳು ಕಾಯುತ್ತಿದ್ದರೆ, ಮಾತು ಆಗಬೇಕಾದದ್ದು ಆ ಮಗನ ಹತ್ತಿರ.

ಬಂದರು. ಕೈಗೆ ಅಡಿಕೆ ಚೊಗರಿನ ಕಪ್ಪು ಹತ್ತಿತ್ತು, ಕುರ್ಚಿಯ ತುದಿಯಲ್ಲಿ ಕೂತರು. ಒಂದು ಬದಿಗೆ ಹೆಂಡತಿ, ಒಂದು ಬದಿಗೆ ಮಗಳು. ಮಗಳ ಓದಿನ ಬಗ್ಗೆ ಬೈಸಿಕೊಳ್ಳಲು ಕರೆದಿದ್ದಾರೆ ಎಂದುಕೊಂಡಿದ್ದರು. “ಮೊಬೈಲ್ ಕಿತ್ತಿಟ್ಟಿದೀನಿ ಮೇಡಂ” ಎಂದು ಅವರೇ ಶುರುಮಾಡಿದರು. ನಾನು ಓದಿನ ಮಾತೇ ಎತ್ತಲಿಲ್ಲ. ನಿನ್ನೆ ರಾತ್ರಿ ನಿಮ್ಮ ತಾಯಿ ಎಷ್ಟು ಸಲ ಎದ್ದರು ಎಂದು ಕೇಳಿದೆ.

“ಎದ್ದಿರ್ಲಿಕ್ಕಿಲ್ಲ. ನಂಗೆ ಎಚ್ಚರ ಆಗ್ಲಿಲ್ಲ.”

ಪಲ್ಲವಿಯ ಕಡೆ ನೋಡಿದೆ. ಅವಳು ನೆಲ ನೋಡುತ್ತಾ, “ಮೂರು ಸಲ” ಎಂದಳು. ಒಂದೂ ಹತ್ತಕ್ಕೆ, ಎರಡೂವರೆಗೆ, ನಾಲ್ಕಕ್ಕೆ ಸ್ವಲ್ಪ ಮುಂಚೆ. ಎರಡನೇ ಸಲ ಅಂಗಳದವರೆಗೆ ಹೋಗಿದ್ದರು. ಅಪ್ಪ ಮಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬಾವಿಕಟ್ಟೆಯ ರಾತ್ರಿಯ ವಿಷಯವೂ ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ಅಜ್ಜಿ ಹಿತ್ತಿಲಿಗೆ ಹೋಗಿದ್ದರು, ಕರೆದುಕೊಂಡು ಬಂದೆ ಎಂದಷ್ಟೇ ಅವಳು ಹೇಳಿದ್ದಳು. ಅಪ್ಪ ಹೆದರುತ್ತಾರೆ ಎಂದು ಬಾವಿಯನ್ನು ಬಿಟ್ಟು ಹೇಳಿದ್ದಳು.

“ನಂಗೆ ಯಾರೂ ಹೇಳ್ಲಿಲ್ಲ” ಎಂದರು.

ಇಲ್ಲಿ ಜಗಳ ಏಳಬಹುದಿತ್ತು. ಅಮ್ಮನ ಬಾಯಿತುದಿಯಲ್ಲಿ ಮಾತಿತ್ತು. ನಾನು ತಡೆದು, ಈಗ ಹೇಳಿದಾರಲ್ಲ, ಇನ್ನು ಮುಂದಿನದು ಮಾತಾಡೋಣ, ಇವತ್ತಿನಿಂದ ಪಲ್ಲವಿ ರಾತ್ರಿ ಏಳಬಾರದು ಎಂದೆ. ಅಪ್ಪ ತಲೆಯಾಡಿಸಿದರು. ಅಮ್ಮನೂ ಹೂಂ ಎಂದರು. ಒಪ್ಪದೆ ಇದ್ದವಳು ಪಲ್ಲವಿ. ತನಗೆ ಏನೂ ಕಷ್ಟವಿಲ್ಲ, ಪರೀಕ್ಷೆ ಮುಗಿಯುವವರೆಗೆ ಹೇಗೋ ನಡೆಯುತ್ತದೆ ಎಂದು ಒಂದೇ ಸಮನೆ ಹೇಳತೊಡಗಿದಳು. ಭಾರ ಇಳಿಸುತ್ತೇವೆ ಎಂದರೆ ಹೊತ್ತವರಿಗೆ ಸಂತೋಷ ಆಗುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಹಾಗಾಗುವುದಿಲ್ಲ. ಕಾದೂ ಕಾದೂ, ತಾನು ಕಾಯುತ್ತಿರುವುದರಿಂದಲೇ ಅನಾಹುತ ಆಗಿಲ್ಲ ಎಂಬ ನಂಬಿಕೆ ಒಳಗೆ ಕೂತಿರುತ್ತದೆ. ಬಿಡು ಎಂದರೆ ಅವರ ಕಿವಿಗೆ ಅನಾಹುತಕ್ಕೆ ದಾರಿ ಬಿಡು ಎಂದು ಕೇಳಿಸುತ್ತದೆ. ಅದನ್ನು ಅವಳ ಬಾಯಿಂದಲೇ ಹೊರಗೆ ಬರಿಸಬೇಕಿತ್ತು. ಯಾವುದಕ್ಕೆ ಹೆದರಿಕೆ ಮಗಾ ಎಂದೆ. ಬಹಳ ಹೊತ್ತು ಸುಮ್ಮನಿದ್ದಳು.

“ನಾನು ಮಲ್ಕೊಂಡಾಗ ಏನಾದ್ರೂ ಆದ್ರೆ?”

ಏನೂ ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ಅಮ್ಮ ಹಾಗೆ ಹೇಳಲು ಹೊರಟಾಗ ಕೈಸನ್ನೆ ಮಾಡಿ ನಿಲ್ಲಿಸಿದೆ. ಆಗಬಹುದು. ಎಂಬತ್ತು ದಾಟಿದ, ಮರೆವಿನ ಕಾಯಿಲೆಯ ದೇಹ ಅದು. ಬೀಳಬಹುದು, ನಿದ್ದೆಯಲ್ಲೇ ಹೋಗಬಹುದು. ಆ ಮಗುವಿನ ಪ್ರಶ್ನೆ ಆಗುತ್ತದೋ ಇಲ್ಲವೋ ಎಂಬುದಲ್ಲ. ಏನಾದರೂ ಆದರೆ ಅದು ಯಾರ ಮೇಲೆ ಬರುತ್ತದೆ ಎಂಬುದು. ಅದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ. ಅಪ್ಪನ ಕಡೆ ತಿರುಗಿ, ಅವಳು ಕೇಳಿದ್ದು ನಿಮಗೆ ಎಂದೆ.

ಅವರು ಕೈಯ ಕಪ್ಪನ್ನು ಉಜ್ಜುತ್ತಾ ಕೂತರು. ಕೊನೆಗೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿ, “ಆದ್ರೆ ಅದು ನನ್ ಮೇಲೆ ಮಗಾ. ನನ್ನ ಅವ್ವ ಅವಳು. ನಿನ್ ಮೇಲೆ ಅಲ್ಲ” ಎಂದರು.

ಪಲ್ಲವಿ ಅತ್ತಳು. ತಡೆಯಲಿಲ್ಲ. ಅಪ್ಪನಿಗೆ ಅದೇ ಮಾತನ್ನು ಮನೆಯಲ್ಲಿ, ಅಜ್ಜಿಯ ಹಾಸಿಗೆಯ ಹತ್ತಿರ ನಿಂತು, ಇನ್ನೊಂದು ಸಲ ಹೇಳಿ ಎಂದೆ. ನನ್ನ ಕೋಣೆಯಲ್ಲಿ ಆಡಿದ ಮಾತು ನನ್ನ ಕೋಣೆಯಲ್ಲೇ ಉಳಿದುಬಿಡುವುದುಂಟು. ಹೇಳಿದರಂತೆ.

ಉಳಿದದ್ದೆಲ್ಲ ಏರ್ಪಾಡಿನ ಕೆಲಸ. ಮೊದಲು ಬಾವಿಗೆ ಕಬ್ಬಿಣದ ಜಾಲರಿ. ಬಾವಿ ತೆರೆದೇ ಇರುವಾಗ ಯಾರಿಗೂ ಧೈರ್ಯ ಹೇಳುವುದರಲ್ಲಿ ಅರ್ಥವಿಲ್ಲ. ಹಿಂಬಾಗಿಲಿಗೆ ಗಂಟೆ ಕಟ್ಟುತ್ತೇನೆ, ಹಸುವಿನದೇ ಇದೆ ಎಂದರು ಅಪ್ಪ. ಬೇಡ ಎಂದೆ, ಗೌರಿಯನ್ನು ಹುಡುಕುವ ಅಜ್ಜಿಗೆ ಗೌರಿಯ ಗಂಟೆ ಕೇಳಿಸಿದರೆ ಮತ್ತಷ್ಟು ಕಷ್ಟ. ಬಾಗಿಲು ತೆರೆದರೆ ಕೂಗುವ ಪುಟ್ಟ ಅಲಾರಂ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುತ್ತದೆ, ಕೆಲವೇ ನೂರು ರೂಪಾಯಿ. ಅದನ್ನು ತಂದರು. ಆದರೆ ಅಲಾರಂ ಬಂತಲ್ಲ, ಇನ್ನು ಪಲ್ಲವಿ ಅಲ್ಲೇ ನಿಶ್ಚಿಂತೆಯಾಗಿ ಮಲಗಲಿ ಎಂದಾಗ ನಾನು ಒಪ್ಪಲಿಲ್ಲ. ಹಡಗಿನ ಎಂಜಿನಿಯರುಗಳ ಹತ್ತಿರವೂ ಅಲಾರಂ ಇತ್ತು. ಏಳಬೇಕಾದವರ ಪಟ್ಟಿಯಲ್ಲಿ ಹೆಸರು ಇರುವವರೆಗೆ ನಿದ್ದೆ ತೆಳುವೇ. ಅಪ್ಪನ ಹಾಸಿಗೆ ನಡುಮನೆಗೆ ಬಂತು, ಪಲ್ಲವಿಯದು ಬೀದಿ ಕಡೆಯ ಕೋಣೆಗೆ ಹೋಯಿತು. ಅಲಾರಂ ಅವಳಿಗೆ ಕೇಳಿಸಿದರೂ ಏಳಬಾರದು ಎಂದು ಮೂವರೂ ಕೂತು ಒಂದು ಹಾಳೆಯಲ್ಲಿ ಬರೆದರು. ವಾರದ ಐದು ರಾತ್ರಿ ಅಪ್ಪ, ಶನಿವಾರ ಅಮ್ಮ, ಯಾಕೆಂದರೆ ಮರುದಿನ ಗಾರ್ಮೆಂಟ್ಸ್ ರಜೆ. ಇನ್ನೊಂದು ರಾತ್ರಿಗೆ ಅಪ್ಪನ ತಂಗಿ, ಪಲ್ಲವಿಯ ಅತ್ತೆ, ಬಂದು ಹೋಗುವುದು. ಅಜ್ಜಿಯನ್ನೇ ತಮ್ಮ ಮನೆಗೆ ಕರೆದೊಯ್ಯುತ್ತೇನೆ ಎಂದು ಆ ಅತ್ತೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಮರೆವಿನವರನ್ನು ಮನೆಯಿಂದ ಮನೆಗೆ ಸಾಗಿಸಿದರೆ ಗುರುತಿನ ಗೋಡೆ, ಬಾಗಿಲು ತಪ್ಪಿ ಗೊಂದಲ ಹೆಚ್ಚುತ್ತದೆ. ಬರುವುದಾದರೆ ನೀವೇ ಬನ್ನಿ ಎಂದೆ.

ಇಷ್ಟರ ಜತೆ ಅಜ್ಜಿಯನ್ನು ಡಾಕ್ಟರಿಗೆ ತೋರಿಸಲು ಹೇಳಿದೆ. ಮರೆವು ಬಂದವರು ರಾತ್ರಿ ಎದ್ದು ಅಲೆದರೆ ಅದು ಕಾಯಿಲೆಯ ಗುಣ ಎಂದು ಸುಮ್ಮನಾಗಬಾರದು. ಮೂತ್ರದ ಸೋಂಕು, ಮಲಬದ್ಧತೆ, ನೋವು, ಹಗಲಿನ ಅತಿ ನಿದ್ದೆ, ಯಾವುದೋ ಮಾತ್ರೆ, ಯಾವುದೂ ಕಾರಣ ಆಗಬಹುದು. ಬಾಯಿಬಿಟ್ಟು ಹೇಳಲು ಅವರಿಗೆ ಬರುವುದಿಲ್ಲ. ಈ ಅಜ್ಜಿಗೆ ಮೂತ್ರದ ಸೋಂಕು ಇತ್ತು. ಔಷಧಿ ಆದ ಮೇಲೆ ಮೂರು ಸಲ ಏಳುವುದು ಒಂದಕ್ಕೆ ಇಳಿಯಿತು. ಮಧ್ಯಾಹ್ನದ ನಿದ್ದೆ ಕಡಿಮೆ ಮಾಡಿಸಿ, ಸಂಜೆ ಬಿಸಿಲಿರುವಾಗ ಅಂಗಳದಲ್ಲಿ ಕೂರಿಸಿ, ರಾತ್ರಿ ಬಚ್ಚಲ ದಾರಿಗೆ ಒಂದು ಸಣ್ಣ ದೀಪ ಹಾಕಿಟ್ಟರು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ‌ವರೆಗೆ ಬರಲಾಗದವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ, ಮಾನಸಿಕ ಆರೋಗ್ಯದ ಮನೋಚೈತನ್ಯ ಚಿಕಿತ್ಸಾಲಯ ಇದೆ. ರಾಜ್ಯದಲ್ಲಿ ಇದು 2014ರಲ್ಲಿ ಶುರುವಾಯಿತು. ಫೋನಿನಲ್ಲಿ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ತಮಗಾಗಿ ಕರೆ ಮಾಡಬಹುದು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಈಗ ತಕರಾರುಗಳು. ಚೀಟಿ ಬರೆದ ಲೆಕ್ಚರರ್, ಏಕಾಗ್ರತೆಗೆ ಏನಾದರೂ ವಿಧಾನ ಹೇಳಿಕೊಡುತ್ತೀರಿ ಎಂದುಕೊಂಡಿದ್ದೆ, ನೀವು ಹಾಸಿಗೆ ಬದಲಾಯಿಸಿದಿರಿ ಎಂದರು. ಉಸಿರಾಟದ ಅಭ್ಯಾಸ, ಟೈಮ್ ಟೇಬಲ್, ನೆನಪಿಡುವ ಉಪಾಯ, ಇವೆಲ್ಲ ನನಗೂ ಗೊತ್ತು, ಬೇಕಾದ ಮಕ್ಕಳಿಗೆ ಕಲಿಸುತ್ತೇನೆ. ಇವಳಲ್ಲಿ ಏಕಾಗ್ರತೆಯ ಕೊರತೆ ಇರಲಿಲ್ಲ. ಒಂದು ಚಿಲಕದ ಮೇಲೆ ಐದು ತಿಂಗಳು ಗಮನ ಇಟ್ಟವಳು ಅವಳು. ಆ ಗಮನಕ್ಕೆ ಬಿಡುವು ಬೇಕಿತ್ತು. ಬಿಡುವು ಕೊಡದೆ ಉಪಾಯ ಹೇಳಿಕೊಟ್ಟಿದ್ದರೆ, ಅದೂ ಫಲಿಸದಾಗ ತನ್ನಲ್ಲೇ ಏನೋ ದೋಷ ಇದೆ ಎಂಬ ತೀರ್ಮಾನಕ್ಕೆ ಅವಳು ಬರುತ್ತಿದ್ದಳು. ಇಂಥ ತೀರ್ಮಾನದೊಂದಿಗೆ ಬರುವ ಮಕ್ಕಳನ್ನು ನಾನು ಕಾಣುತ್ತಿರುತ್ತೇನೆ, ಅವರನ್ನು ಅದರಿಂದ ಹೊರತರುವುದು ಕಷ್ಟ.

ಇನ್ನೊಂದು ಮಾತು ಸಂಬಂಧಿಕರಿಂದ ಬಂತು. ಹಿರಿಯರ ಸೇವೆ ಪುಣ್ಯದ ಕೆಲಸ, ಮಗುವಿಗೆ ಅದರಿಂದ ತಪ್ಪಿಸಿಕೊಳ್ಳುವುದನ್ನು ಕಲಿಸಿದರು ಎಂದು. ಈ ಮಾತು ನನಗೆ ನೋವು ಮಾಡಿತು, ಯಾಕೆಂದರೆ ಸೇವೆಯಲ್ಲಿ ನನಗೂ ನಂಬಿಕೆ ಇದೆ. ಸಂಶೋಧಕರಾದ ರಿಚರ್ಡ್ ಶುಲ್ಝ್ ಮತ್ತು ಸ್ಕಾಟ್ ಬೀಚ್ ಅಮೆರಿಕದಲ್ಲಿ ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ಬರೆದರು: ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುತ್ತಾ ಬಳಲಿಕೆ ಅನುಭವಿಸುತ್ತಿದ್ದವರಲ್ಲಿ ಸಾವಿನ ಅಪಾಯ, ಅಂಥ ಹೊಣೆ ಇಲ್ಲದವರಿಗಿಂತ ಶೇಕಡಾ 63ರಷ್ಟು ಹೆಚ್ಚಿತ್ತು. ನೋಡಿಕೊಳ್ಳುತ್ತಿದ್ದರೂ ಬಳಲದೆ ಇದ್ದವರಲ್ಲಿ ಅಪಾಯ ಹಾಗೆ ಹೆಚ್ಚಿರಲಿಲ್ಲ. ಅವರೆಲ್ಲ ಮುದುಕರು, ಹದಿನೇಳರವರಲ್ಲ, ನಿಜ. ಆದರೆ ಸೇವೆ ಬೇರೆ, ಸೇವೆ ಮಾಡುತ್ತಾ ಒಬ್ಬರೇ ಸವೆಯುವುದು ಬೇರೆ ಎನ್ನುವುದಕ್ಕೆ ಇಷ್ಟು ಸಾಕು. ಪಲ್ಲವಿ ಸೇವೆ ಬಿಟ್ಟಿಲ್ಲ. ಕಾಲೇಜಿನಿಂದ ಬಂದವಳು ಅಜ್ಜಿಗೆ ತಲೆ ಬಾಚುತ್ತಾಳೆ, ಎಲೆ ಅಡಿಕೆ ಕುಟ್ಟಿ ಕೊಡುತ್ತಾಳೆ, ಗೌರಿಯ ಕಥೆಯನ್ನು ಅದೆಷ್ಟನೆಯ ಸಲವೋ ಕೇಳುತ್ತಾಳೆ. ಮುಂಚೆ ಸಂಜೆಯಾಗುತ್ತಿದ್ದಂತೆ ಅಜ್ಜಿಯ ಮುಖ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು, ಈಗ ಹಾಗಾಗುವುದಿಲ್ಲ ಎಂದು ಅವಳೇ ಹೇಳಿದಳು. ಕಾವಲಿನ ಕೆಲಸ ತೆಗೆದ ಮೇಲೆ ಅವಳು ಮತ್ತೆ ಮೊಮ್ಮಗಳಾದಳು ಎಂದೇ ನಾನು ತಿಳಿದಿದ್ದೇನೆ.

ನಿದ್ದೆ ಕೂಡಲೇ ಸರಿಹೋಗಲಿಲ್ಲ. ಬೀದಿ ಕೋಣೆಯಲ್ಲೂ ಎಷ್ಟೋ ದಿನ ಒಂದು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದು ಬಾಗಿಲಿಗೆ ಕಿವಿ ಇಟ್ಟು, ಅಪ್ಪನ ಗೊರಕೆ ಕೇಳಿಸದಿದ್ದರೆ ಅವರು ಎದ್ದಿದ್ದಾರೆ ಎಂದು ಸಮಾಧಾನ ಮಾಡಿಕೊಂಡು ಮಲಗುತ್ತಿದ್ದಳು. ಆ ಸಮಯದಲ್ಲಿ ಅವಳನ್ನು ಓದಿನ ಬಗ್ಗೆ ಕೇಳಬೇಡಿ ಎಂದು ಮನೆಯವರಿಗೆ ಹೇಳಿದ್ದೆ. ಮಾರ್ಚಿನ ಪರೀಕ್ಷೆಯಲ್ಲಿ ಭೌತಶಾಸ್ತ್ರ ಹೋಯಿತು, ಉಳಿದವು ಪಾಸಾದವು. ದ್ವಿತೀಯ ಪಿಯುಗೆ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ವರ್ಷ ಹಾಳಾಗಲಿಲ್ಲ. ಎರಡನೇ ಪರೀಕ್ಷೆಯಲ್ಲಿ ಅದನ್ನೂ ಮುಗಿಸಿದಳು. ಎಸ್ಸೆಸ್ಸೆಲ್ಸಿಯ ಅಂಕದ ಮಟ್ಟಕ್ಕೆ ಬರಲಿಲ್ಲ. ಬಿಎಸ್ಸಿಗೆ ಸೇರಿದ್ದಾಳೆ. ಅಮ್ಮನ ಬೆರಳು ವಾಸಿಯಾಗಿದೆ, ಟಾರ್ಗೆಟ್ ಮಾತ್ರ ಹಾಗೇ ಇದೆ. ಆ ಕಾರ್ಖಾನೆಯ ಒಳಗಿನದು ನನ್ನ ಕೈಗೆ ಎಟುಕುವುದಲ್ಲ.

ಆ ಲೆಕ್ಚರರ್ ಈಗಲೂ ಮಕ್ಕಳನ್ನು ಕಳಿಸುತ್ತಾರೆ. ಚೀಟಿಯ ಕೊನೆಗೆ ಇನ್ನೊಂದು ಸಾಲು ಸೇರಿಸಲು ಕೇಳಿಕೊಂಡಿದ್ದೇನೆ, ರಾತ್ರಿ ಮನೆಯಲ್ಲಿ ಎಚ್ಚರ ಇರುವವರು ಯಾರು ಎಂದು. ಮಗುವನ್ನು ಎಲ್ಲರೆದುರು ನಿಲ್ಲಿಸಿ ಕೇಳಬಾರದು, ಸ್ಟಾಫ್ ರೂಮಿನಲ್ಲೂ ಬೇಡ, ಬಸ್ಸಿಗೆ ಹೊರಟಾಗ ಪಕ್ಕದಲ್ಲಿ ನಡೆಯುತ್ತಾ ಕೇಳಿ ಎಂದಿದ್ದೇನೆ. ಮಕ್ಕಳು ಮನೆಯ ಮಾನ ಕಾಯುವುದರಲ್ಲಿ ದೊಡ್ಡವರಿಗಿಂತ ಗಟ್ಟಿ.

ಪಲ್ಲವಿಯ ಮನೆಯ ವಿಷಯ ಇನ್ನೂ ಮುಗಿದಿಲ್ಲ. ಅಜ್ಜಿಯ ಕಾಯಿಲೆ ಮುಂದುವರಿದಿದೆ, ಈಗ ಮಗನ ಹೆಸರೂ ಕೆಲವು ದಿನ ನೆನಪಾಗುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಮತ್ತೆ ಕೊಯ್ಲು ಶುರುವಾಗುತ್ತದೆ, ಅಪ್ಪ ಮತ್ತೆ ನಡುರಾತ್ರಿಯವರೆಗೆ ಅಡಿಕೆ ಒಲೆಯ ಮುಂದೆ ಇರುತ್ತಾರೆ. ಹಳೆಯ ಹಾಳೆ ಆಗ ನಡೆಯುವುದಿಲ್ಲ, ಹೊಸದಾಗಿ ಬರೆಯಬೇಕು. ದಸರಾ ರಜೆಯೊಳಗೆ ಎಲ್ಲರೂ ಒಂದು ಸಲ ಬಂದು ಹೋಗಿ, ಅತ್ತೆಯನ್ನೂ ಕರೆತನ್ನಿ ಎಂದು ಹೇಳಿ ಕಳಿಸಿದ್ದೇನೆ. ಅತ್ತೆಗೆ ಫೋನ್ ಮಾಡಿ ಕರೆಯಬೇಕಾದವರು ಅಪ್ಪ, ಪಲ್ಲವಿಯ ಕೈಲಿ ಮಾಡಿಸಬಾರದು ಎಂದೂ ಹೇಳಿದ್ದೇನೆ.